ಪರ-ವಿರೋಧ: ಮೊಜಾರ್ಟ್‌ನ ಪಿಯಾನೋ ಕನ್ಸರ್ಟೊಗೆ ಕೆಡೆನ್ಜಾ ವಾದಕರೇ ಕಟ್ಟಬೇಕೇ?

ಪರ

ಕನ್ಸರ್ಟೊ ಅಂದರೆ ಒಬ್ಬ ಮುಖ್ಯ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ಅದರ ಮೊದಲ ಭಾಗ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ನುಡಿಯುವ ಒಂದು ಸ್ವರಗುಚ್ಛದ ಮೇಲೆ ನಿಂತುಬಿಡುತ್ತದೆ. ಕಂಡಕ್ಟರ್ ಕೈ ಇಳಿಸುತ್ತಾರೆ. ಇನ್ನು ಪಿಯಾನೋ ಒಂದೇ. ಅದೇ ಕೆಡೆನ್ಜಾ. ವಾದಕರು ತಮಗೆ ತೋಚಿದ್ದನ್ನು ನುಡಿಸಿ, ಕೊನೆಗೆ ಪಿಯಾನೋದ ಅಕ್ಕಪಕ್ಕದ ಎರಡು ಕೀಗಳನ್ನು ಒಂದಾದ ಮೇಲೊಂದು ಬೇಗಬೇಗ ಒತ್ತುತ್ತಾ ಬೆರಳು ನಡುಗಿಸುತ್ತಾರೆ. ಅದು ಸನ್ನೆ. ಆರ್ಕೆಸ್ಟ್ರಾ ಮತ್ತೆ ಸೇರಿಕೊಳ್ಳುತ್ತದೆ.

'ತೋಚಿದ್ದು' ಅಂದೆ. ಈಗ ಯಾರಿಗೆ ಏನು ತೋಚುತ್ತದೆ ಹೇಳಿ? ಮೊಜಾರ್ಟ್‌ನ ಡಿ ಮೈನರ್ ಶ್ರುತಿಯ ಕನ್ಸರ್ಟೊ, ಅಂದರೆ 20ನೆಯದು, ಬಂತೆಂದರೆ ಹತ್ತರಲ್ಲಿ ಎಂಟು ಜನ ಬೀಥೋವನ್ ಬರೆದ ಕೆಡೆನ್ಜಾವನ್ನೇ ಒಪ್ಪಿಸುತ್ತಾರೆ. ಅದು ಚೆನ್ನಾಗಿಲ್ಲ ಅಂತಲ್ಲ. ಆದರೆ ಅದು ಬೀಥೋವನ್‌ಗೆ ತೋಚಿದ್ದು, ನಿಮಗಲ್ಲ.

ಈ ಕನ್ಸರ್ಟೊ ಮೊದಲು ಕೇಳಿಬಂದದ್ದು 1785ರ ಫೆಬ್ರುವರಿ 11ರಂದು, ವಿಯೆನ್ನಾದಲ್ಲಿ. ಮೊಜಾರ್ಟ್‌ನ ಅಪ್ಪ ಲಿಯೋಪೋಲ್ಡ್ ಅವತ್ತೇ ಊರಿಗೆ ಬಂದಿಳಿದಿದ್ದರು. ಆಮೇಲೆ ಮಗಳಿಗೆ ಬರೆದ ಕಾಗದದಲ್ಲಿ ಎಲ್ಲ ಹೇಳಿದ್ದಾರೆ: ನಕಲು ಮಾಡುವವನು ಇನ್ನೂ ಬರೆಯುತ್ತಲೇ ಇದ್ದ, ಅದನ್ನು ನೋಡಿಕೊಳ್ಳುವುದರಲ್ಲಿ ಮಗನಿಗೆ ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಪುರುಸೊತ್ತಿರಲಿಲ್ಲ. ಅಂಥವನು ಕೂತು ಕೆಡೆನ್ಜಾ ಬರೆಯುತ್ತಿದ್ದನೇ? ಈ ಕನ್ಸರ್ಟೊಗೆ ಅವನದೇ ಕೈಬರಹದ ಕೆಡೆನ್ಜಾ ನಮಗೆ ಸಿಕ್ಕೇ ಇಲ್ಲ. ಅದಕ್ಕೂ ಎರಡು ವರ್ಷ ಮೊದಲು ಬೇರೊಂದು ಕನ್ಸರ್ಟೊದ ವಿಷಯ ಬಂದಾಗ, ಅದರಲ್ಲಿ ಮುಂದಿನ ಭಾಗಕ್ಕೆ ಕರೆದೊಯ್ಯುವ, ಕೆಡೆನ್ಜಾದಂಥದ್ದೇ ಸಣ್ಣ ತುಣುಕುಗಳನ್ನು ಆ ಹೊತ್ತಿಗೆ ಹೊಳೆದ ಹಾಗೆ ನುಡಿಸುತ್ತೇನೆ ಅಂತ ಅವನೇ ಅಪ್ಪನಿಗೆ ಬರೆದಿದ್ದ. ಇನ್ನೇನು ಸಾಕ್ಷಿ ಬೇಕು?

ನಮ್ಮ ಕಛೇರಿಯಲ್ಲಿ ಯಾರಾದರೂ ಬೇರೆಯವರ ಕಲ್ಪನಾಸ್ವರವನ್ನು ಬಾಯಿಪಾಠ ಮಾಡಿಕೊಂಡು ಬಂದು ಹಾಡಿದರೆ ಸುಮ್ನೆ ಕೂರ್ತೀವಾ? ಅಮೆರಿಕದ ಪಿಯಾನೋ ವಾದಕ ರಾಬರ್ಟ್ ಲೆವಿನ್ ವೇದಿಕೆಯ ಮೇಲೆ ಆಗಿಂದಾಗಲೇ ಕಟ್ಟಿ ನುಡಿಸುತ್ತಾರೆ, ಆಕಾಶವೇನೂ ಬಿದ್ದಿಲ್ಲ. "ಎಲ್ಲರಿಗೂ ಮೊಜಾರ್ಟ್ ಥರ ಬರುತ್ತಾ?" ಅನ್ನುವವರಿಗೆ ಒಂದೇ ಮಾತು: ಹಾಗಾದರೆ ಪಿಯಾನೋಗೆ ಬಟ್ಟೆ ಮುಚ್ಚಿ ಮನೆಗೆ ಹೋಗಿ.

ವಿರೋಧ

ನನಗೆ ಈ ಕಡೆ ಬರೆಯಿರಿ ಅಂತ ಹೇಳಿದರು, ಬರೆಯುತ್ತಿದ್ದೇನೆ. ಕಛೇರಿಯ ಹೋಲಿಕೆ ನನಗೂ ಇಷ್ಟವೇ, ಆದರೆ ವಿಯೆನ್ನಾದವರಿಗೆ ಅದನ್ನು ಒಪ್ಪಿಸುವುದು ಹೇಗೋ ತಿಳಿಯದು.

ಕೆಡೆನ್ಜಾವನ್ನು ಬರೆದವರೆಲ್ಲ ವಾದಕರಿಗೇ ಬಿಟ್ಟಿರಲಿಲ್ಲ. ಮೊಜಾರ್ಟ್ ಅಕ್ಕನಿಗಾಗಿ ಕೆಡೆನ್ಜಾ ಬರೆದು ಕಳಿಸಿಕೊಟ್ಟಿದ್ದಾನೆ. ಎ ಮೇಜರ್‌ನ 23ನೇ ಕನ್ಸರ್ಟೊದಲ್ಲಂತೂ ಕೆಡೆನ್ಜಾವನ್ನು ಹಸ್ತಪ್ರತಿಯೊಳಗೇ ಬರೆದಿಟ್ಟಿದ್ದಾನೆ. ಬೀಥೋವನ್ ತನ್ನ ಐದನೇ ಕನ್ಸರ್ಟೊದಲ್ಲಿ, ಇಲ್ಲಿ ಕೆಡೆನ್ಜಾ ಬೇಡ, ನೇರ ಮುಂದಕ್ಕೆ ಹೋಗಿ ಅಂತ ಸೂಚನೆಯನ್ನೇ ಹಾಕಿದ. ವಾದಕರ ಕಾಟ ಅವನಿಗೆ ಸಾಕಾಗಿತ್ತೇನೋ!

ಕೆಲವು ವರ್ಷಗಳ ಹಿಂದೆ ನಾವು ಮ್ಯೂನಿಕ್‌ನಲ್ಲಿದ್ದೆವು. ಒಂದು ಸಣ್ಣ ಸಭಾಂಗಣ, ಇದೇ ಡಿ ಮೈನರ್. ವಾದಕರು ತಾವೇ ಕೆಡೆನ್ಜಾ ಕಟ್ಟಿಕೊಂಡು ಬಂದಿದ್ದರು. ಎರಡು ನಿಮಿಷ ಚೆನ್ನಾಗಿತ್ತು. ಬೆರಳು ನಡುಗಿತು, ಪಿಟೀಲಿನವರೆಲ್ಲ ಕಮಾನು ಎತ್ತಿದರು. ಆಸಾಮಿ ಬಿಡಲಿಲ್ಲ, ಬೇರೆ ಶ್ರುತಿಗೆ ಹೊರಳಿದರು. ಕಮಾನುಗಳು ಮತ್ತೆ ತೊಡೆಯ ಮೇಲೆ. ಇನ್ನೊಮ್ಮೆ ಬೆರಳು ನಡುಗಿತು, ಇನ್ನೊಮ್ಮೆ ಕಮಾನು ಎದ್ದವು, ಇನ್ನೊಮ್ಮೆ ಇಳಿದವು. ಮುಂದಿನ ಸಾಲಿನ ಅಜ್ಜ ಗಡಿಯಾರ ನೋಡಿಕೊಂಡರು. ಮೂರನೇ ಸಲ ಕಂಡಕ್ಟರ್ ಕೈ ಎತ್ತಲೇ ಇಲ್ಲ, ನಿಜವಾಗಲೂ ಮುಗಿದಾಗ ಅವರು ತಡಬಡಾಯಿಸಿ ಆರ್ಕೆಸ್ಟ್ರಾ ಚೆಲ್ಲಾಪಿಲ್ಲಿಯಾಗಿ ಶುರುವಾಯಿತು.

ಕಾರ್ಯಕ್ರಮ ತಡವಾಗಿ ಟ್ರಾಮ್ ತಪ್ಪಿತು. ಚಳಿಯಲ್ಲಿ ಮುಕ್ಕಾಲು ಗಂಟೆ ನಡೆದೆವು. ದಾರಿಯುದ್ದಕ್ಕೂ ನನ್ನ ಹೆಂಡತಿ ಆ ಕೆಡೆನ್ಜಾದ್ದೇ ಒಂದು ತುಣುಕು ಗುನುಗುತ್ತಿದ್ದಳು. ವಿರೋಧದ ಕಡೆಯವನು ಇದನ್ನು ಬರೆಯಬಾರದಿತ್ತು, ಅಲ್ವಾ?