ಎಲೆ ಮಾರೋನ ರೈಲು ಜಾತ್ರೆ

ಶನಿವಾರ ಬೆಳಿಗ್ಗೆ 6 ಗಂಟೆ ಚಳೀಲಿ ಎರಡು ಸೂಟ್‌ಕೇಸು ಒಂದು ರಟ್ಟಿನ ಡಬ್ಬ ಹಿಡ್ಕೊಂಡು ಇಂಗ್ಲೆಂಡಿನ ಒಂದು ಸ್ಟೇಷನ್ನಲ್ಲಿ ನಿಂತಿದೀನಿ. ಸೂಟ್‌ಕೇಸ್ ತುಂಬ ರೈಲು, ಹಳಿ ಮೇಲೆ ಒಂದೂ ಇಲ್ಲ. ಬೋರ್ಡಲ್ಲಿ ಕ್ಯಾನ್ಸಲ್ಡ್ ಅಂತ ಬಂತು, ಹಿಂದೇನೇ ಮೈಕಲ್ಲಿ ಸಾರಿ ಬಂತು, ಸಾರಿ ಕೇಳೋದ್ರಲ್ಲಿ ಈ ದೇಶದವರನ್ನ ಮೀರ್ಸೋರಿಲ್ಲ ಬಿಡಿ, ಮದುವೆ ಮನೇಲಿ ಪನ್ನೀರು ಚಿಮುಕ್ಸಿದಂಗೆ ಚಿಮುಕಿಸ್ತಾರೆ. ಮೊದಲನೇದಕ್ಕೆ ಡ್ರೈವರ್ ಇಲ್ವಂತೆ. ಎರಡನೇದು ಲೇಟಂತೆ, ಯಾಕಪ್ಪಾ ಅಂದ್ರೆ ಹಳಿ ಮೇಲೆ ಎಲೆ ಬಿದ್ದಿದೆ.

ಹೌದು, ಎಲೆ. ಹೊಸದಾಗಿ ಬಂದಾಗ ನಾನೂ ನಕ್ಕಿದ್ದೆ, ಆಮೇಲೆ ಗೊತ್ತಾಯ್ತು ವಿಷಯ ನಿಜ, ಒದ್ದೆ ಎಲೆ ಚಕ್ರದಡಿ ಅರೆದು ಅರೆದು ಹಳಿ ಮೇಲೆ ಜಾರೋ ಪದರ ಕಟ್ಟುತ್ತೆ, ಬ್ರೇಕ್ ಹಿಡಿಯಲ್ಲ, ಅದನ್ನ ತೊಳೆಯೋಕೆ 1500 ಬಾರ್ ಒತ್ತಡದಲ್ಲಿ ನೀರು ಹೊಡೆಯೋ ಸ್ಪೆಷಲ್ ಟ್ರೈನೇ ಓಡಿಸ್ತಾರೆ. ತಮಾಷೆ ಅದಲ್ಲ, ನನ್ನ ರಟ್ಟಿನ ಡಬ್ಬದಲ್ಲಿ ಇದ್ದಿದ್ದೂ ಎಲೇನೇ. ಕಾಗದದಲ್ಲಿ ಕತ್ತರಿಸಿದ ಪುಟಾಣಿ ಎಲೆ, ಪ್ಯಾಕೆಟ್ಟಿಗೆ 4 ಪೌಂಡು. ಆಟದ ರೈಲಿಗೆ ಹಳಿ, ಸ್ಟೇಷನ್ನು ಎಲ್ಲಾ ಪುಟ್ಟದಾಗಿ ಕಟ್ಟೋ ಮಾಡೆಲ್ ರೈಲಿನವರು ತಗೊಂಡೋಗಿ ಚಿಮುಟದಲ್ಲಿ ಒಂದೊಂದೇ ಎತ್ತಿ ಹಳಿ ಪಕ್ಕ ಅಂಟಿಸ್ಕೋತಾರೆ. ಅವರ ಟ್ರೈನ್ ಮಾತ್ರ ಒಂದು ನಿಮಿಷ ಲೇಟಾಗಲ್ಲ.

ಅಷ್ಟೊತ್ತಿಗೆ ಅರಸೀಕೆರೆಯಿಂದ ಅಮ್ಮ ಫೋನ್ ಮಾಡಿದ್ಲು.

"ಎಲ್ಲಿದೀಯೋ ಮಗಾ?"

"ರೈಲಿನ ಜಾತ್ರೆಗೆ ಹೊರಟಿದೀನಿ ಕಣಮ್ಮ, ಆಟದ ರೈಲು. ಅಂಗಡಿ ಇಡ್ತೀನಿ."

"ನಲವತ್ತೈದಾಯ್ತಲ್ಲೋ ನಿಂಗೆ!"

"ಅಲ್ಲಿ ನಾನೇ ಚಿಕ್ಕ ಹುಡುಗ ಕಣಮ್ಮ."

ಸುಳ್ಳಲ್ಲ. ಒಂದು ಗಂಟೆ ಲೇಟಾಗಿ ಹಾಲ್ ಸೇರ್ಕೊಂಡೆ. ನಂದು 6 ಅಡಿ ಟೇಬಲ್ಲು, ಮೂಲೆ, ಟಾಯ್ಲೆಟ್ ಪಕ್ಕ (ವ್ಯಾಪಾರಕ್ಕೆ ಒಳ್ಳೇ ಜಾಗ ಅದು, ಆ ವಯಸ್ಸಿನ ಗಿರಾಕಿಗಳು ದಿನಕ್ಕೆ ನಾಕು ಸಲ ಹಾಯ್ದು ಹೋಗ್ತಾರೆ). ಈ 6 ಅಡಿಗೆ 50 ಲಕ್ಷ ಪೌಂಡಿನ ಇನ್ಶೂರೆನ್ಸ್ ಕೇಳಿದ್ರು. ಟೇಬಲ್ ಲ್ಯಾಂಪಿಗೆ ಕರೆಂಟ್ ಟೆಸ್ಟ್ ಮಾಡ್ಸಿ ಸ್ಟಿಕ್ಕರ್ ಹಾಕ್ಸಿ ಅಂದ್ರು. ಸಾಮಾನು ಒಳಗೆ ತರುವಾಗ ರೇಡಿಯಂ ಜಾಕೆಟ್ ಹಾಕ್ಕೊಳ್ಳಿ ಅಂದ್ರು, ಹಾಕ್ಕೊಂಡೆ, ನನ್ನ ವ್ಯಾಗನ್ನು ಬೆರಳಷ್ಟುದ್ದ, ಅದು ಡಿಕ್ಕಿ ಹೊಡೆದ್ರೆ ಯಾರಿಗೆ ಏನಾಗುತ್ತೋ. ಏನೇನು ಅಪಾಯ ಇದೆ ಅಂತ ಬರೆಯೋ ರಿಸ್ಕ್ ಅಸೆಸ್‌ಮೆಂಟ್ ಫಾರಮ್ಮಲ್ಲಿ ಏನು ಬರೀಲಿ ಅಂತ ಅರ್ಧ ರಾತ್ರಿ ಯೋಚಿಸಿ, ಮಾರೋಕಿಟ್ಟ ಪುಟಾಣಿ ಕುರಿ ಬೊಂಬೆ ನೋಡಿ, "ಯಾರಾದರೂ ಕುರಿಯನ್ನು ನುಂಗುವ ಸಂಭವ ಇದೆ" ಅಂತ ಬರ್ದೆ. ಪಾಸಾಯ್ತು.

ಆದ್ರೆ ಬೈಯೋ ಹಂಗಿಲ್ಲ, ಇಲ್ಲಿ ದೊಡ್ಡ ರೈಲಿಗೂ ಇದೇ ಗತಿ. ಲಂಡನ್ನಿಂದ ಬರ್ಮಿಂಗ್‌ಹ್ಯಾಮಿಗೆ ಎಚ್‌ಎಸ್-2 ಅಂತ ಫಾಸ್ಟ್ ಲೈನ್ ಹಾಕ್ತಿದಾರಲ್ಲ, ಅದಕ್ಕೆ 8,276 ಪರ್ಮಿಷನ್ ಬೇಕಾಯ್ತು ಅಂತ ಅದರ ಅಧ್ಯಕ್ಷರೇ 2024ರಲ್ಲಿ ಹೇಳ್ಕೊಂಡ್ರು. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಬಾವಲಿಗಳಿಗೆ ತೊಂದ್ರೆ ಆಗ್ಬಾರ್ದು ಅಂತ ಹಳಿ ಮೇಲೆ ಸುಮಾರು 900 ಮೀಟರ್ ಚಪ್ಪರ ಹಾಕ್ತಿದಾರೆ, ಖರ್ಚು 10 ಕೋಟಿ ಪೌಂಡಿಗೂ ಮೇಲೆ. ನಮ್ಮೂರಲ್ಲಿ ಮದುವೆ ಚಪ್ಪರಕ್ಕೇ ಬಡ್ಡಿ ಸಾಲ ಮಾಡ್ತೀವಿ. ಒಬ್ಬ ಅಜ್ಜ ಆ ಚಪ್ಪರದ ಮಾಡೆಲ್ ಮಾಡ್ತಿದೀನಿ ಬಾವಲಿ ಇದೆಯಾ ಅಂತ ಕೇಳ್ದ. 76ರಲ್ಲಿ ಒಂದು ಅಳತೆಗೆ ಇಳಿಸಿದ್ರೆ ಬಾವಲಿ ಸಾಸಿವೆ ಕಾಳಿಗಿಂತ ಸಣ್ಣದಾಗುತ್ತೆ ಸರ್, ಒಗ್ಗರಣೆ ಡಬ್ಬಿ ನೋಡಿ ಅಂದೆ. ಅವನು ನಗ್ಲಿಲ್ಲ, ಬರ್ಕೊಂಡ.

ಇಲ್ಲಿ ರಿವೆಟ್ ಕೌಂಟರ್ ಅಂತ ಒಂದು ಜಾತಿ ಇದೆ, ಹೆಸರೇ ಹೇಳೋ ಹಾಗೆ ಇಂಜಿನ್ನಿನ ರಿವೆಟ್ ಎಣಿಸೋರು. ಅಂಥವರೊಬ್ಬರು ಕಣ್ಣಿಗೆ ಭೂತಗನ್ನಡಿ ಹಿಡಿದು ನನ್ನ ಸೆಕೆಂಡ್ ಹ್ಯಾಂಡ್ ಕಲ್ಲಿದ್ದಲು ವ್ಯಾಗನ್ ತಿರುಗಿಸಿ ತಿರುಗಿಸಿ ನೋಡಿ, ಈ ಬ್ರೇಕ್ ಲಿವರು 1949ರದ್ದು, ಬಣ್ಣ 1938ರದ್ದು, ಎರಡೂ ಒಟ್ಟಿಗೆ ಇರೋಕೆ ಸಾಧ್ಯವೇ ಇಲ್ಲ ಅಂತ ಹೆಣ್ಣಿನ ಜಾತಕ ಬೇಡ ಅನ್ನೋ ಜೋಯಿಸರ ಥರ ವಾಪಸ್ ಇಟ್ರು. ಸರಿ ಸ್ವಾಮಿ, ಆದ್ರೆ ನಿಮ್ಮ ಹಳೀನೇ ತಪ್ಪಲ್ವಾ? ಇಲ್ಲಿ ಹೆಚ್ಚಿನೋರು ಇಟ್ಕೊಂಡಿರೋದು ಡಬಲ್ ಓ ಗೇಜು ಅನ್ನೋ ಅಳತೆಯ ಆಟದ ರೈಲು. ಅದರ ಲೆಕ್ಕ ನಿಜವಾದ ರೈಲಿನ ಒಂದು ಅಡಿಗೆ 4 ಮಿಲಿಮೀಟರ್, ಅಡಿ ಬ್ರಿಟನ್ನಿಂದು ಮಿಲಿಮೀಟರ್ ಫ್ರಾನ್ಸಿಂದು, ಅಂತರ್ಜಾತಿ ವಿವಾಹ. ಆ ಲೆಕ್ಕದಲ್ಲಿ ಹಳಿ ಅಗಲ 18.83 ಬರ್ಬೇಕು, ಇರೋದು 16.5. ನೂರು ವರ್ಷದ ಹಿಂದೆ ಬ್ರಿಟಿಷ್ ಇಂಜಿನ್ನಿನ ಪುಟ್ಟ ಹೊಟ್ಟೇಲಿ ಮೋಟರ್ ಕೂರ್ಲಿಲ್ಲ, ಅದಕ್ಕೆ ಮೈ ದೊಡ್ಡದು ಮಾಡಿದ್ರು, ಹಳಿ ಹಾಗೇ ಬಿಟ್ರು. ಸಫಾರಿ ಸೂಟ್ ಹೊಲಿಸ್ಕೊಂಡು ಮಗನ ಚಪ್ಪಲಿ ಮೆಟ್ಕೊಂಡಂಗೆ. ಸರಿ ಹಳಿ ಹಾಕ್ಕೊಂಡೋರೂ ಇದಾರೆ, ಆದ್ರೆ ಅವರು ಇವರ ಮನೆ ನೀರು ಕುಡಿಯಲ್ಲ.

ನನ್ನ ಹೆಸರು ಕೇಳಿ ಇನ್ನೊಬ್ರು ಬಂದ್ರು, ಇಂಡಿಯಾದೋರಾ, ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಮಾಡೆಲ್ ಇದೆಯಾ ಅಂತ. ಎದೆ ಉಬ್ಬಿತು. 1,507 ಮೀಟರು ಸರ್, ಪ್ರಪಂಚಕ್ಕೇ ಉದ್ದ ಅಂದೆ. ಕ್ಯಾಲ್ಕುಲೇಟರ್ ಒತ್ತಿದ್ರೆ ಈ ಸ್ಕೇಲಲ್ಲಿ ಅದು 19.8 ಮೀಟರ್, ಅಂದ್ರೆ ನನ್ನ ಥರದ ಟೇಬಲ್ 11 ಜೋಡಿಸಬೇಕು. ಟೇಬಲ್ ಬಾಡಿಗೆ ಲೆಕ್ಕ ಹಾಕಿ ಇಬ್ರೂ ಸುಮ್ಮನಾದ್ವಿ.

ಎದುರುಗಡೆ ಒಂದು ಲೇಔಟು, ಅಂದ್ರೆ ಹಳಿ ಸಮೇತ ಕಟ್ಟಿದ ಮಾಡೆಲ್ ಊರು, ಹಳ್ಳಿ ಸ್ಟೇಷನ್ನು, ಗಡಿಯಾರ, ಬೆಂಚ್ ಮೇಲೆ ಪೇಪರ್ ಓದೋ ಮನುಷ್ಯ. ಎಷ್ಟು ವರ್ಷದ ಕೆಲಸ ಸರ್ ಅಂದ್ರೆ 22 ವರ್ಷ, ಇನ್ನೂ ಮುಗ್ದಿಲ್ಲ ಅಂತ ನಕ್ರು. ಆದ್ರೂ ಅವರು ಮಧ್ಯದಲ್ಲಿ ಕೈಬಿಟ್ಟಿಲ್ಲ ನೋಡಿ. ಮ್ಯಾಂಚೆಸ್ಟರ್‌ವರೆಗೂ ಹೋಗ್ಬೇಕಿದ್ದ ಎಚ್‌ಎಸ್-2 ಇನ್ನು ಅಲ್ಲಿಗೆ ಹೋಗಲ್ಲ ಅಂತ 2023ರ ಅಕ್ಟೋಬರ್ 4ಕ್ಕೆ ಆಗಿನ ಪ್ರಧಾನಿ ಸುನಕ್ ಹೇಳಿದ್ದು ಎಲ್ಲಿ ಗೊತ್ತಾ? ಮ್ಯಾಂಚೆಸ್ಟರಲ್ಲೇ ನಿಂತ್ಕೊಂಡು, ಅದೂ 1969ರಲ್ಲಿ ಮುಚ್ಚಿದ ಹಳೇ ರೈಲ್ವೆ ಸ್ಟೇಷನ್ನಿನೊಳಗೆ, ಈಗದು ಸಭಾಂಗಣ. ಸತ್ತವರ ಮನೇಲೇ ಕೂತು ತಿಥಿ ಕ್ಯಾನ್ಸಲ್ ಅಂದಂಗಾಯ್ತು. 1825ರಲ್ಲಿ ಸ್ಟಾಕ್‌ಟನ್-ಡಾರ್ಲಿಂಗ್ಟನ್ ನಡುವೆ ರೈಲು ಬಿಟ್ಟು ಲೋಕಕ್ಕೆಲ್ಲ ಹಳಿ ಹಂಚಿದ ದೇಶ ರೀ ಇದು, ನಮ್ಮ ಅರಸೀಕೆರೆ ಜಂಕ್ಷನ್ನಿಗೂ ಇವರದ್ದೇ ಮೂಲ.

ಮಧ್ಯಾಹ್ನ 3ಕ್ಕೆ ಅನಾಹುತ. ಬೆನ್ನಿಗೆ ಗೋಣಿಚೀಲದಷ್ಟು ಬ್ಯಾಗ್ ಹಾಕ್ಕೊಂಡಿದ್ದ ಒಬ್ಬರು ಪಕ್ಕದ ಟೇಬಲ್ ಕಡೆ ತಿರುಗಿದ್ರು, ಬ್ಯಾಗು ನನ್ನ ಟೇಬಲ್ ಕಡೆ ತಿರುಗ್ತು, ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ 40 ಕುರಿ ಕಾರ್ಪೆಟ್ ಮೇಲೆ. ಸಾರಿ, ಸಾರಿ, ಸಾರಿ ಅಂತ ಆ ಪುಣ್ಯಾತ್ಮರು ಇನ್ನೊಂದು ಸುತ್ತು ತಿರುಗಿ ಲ್ಯಾಂಪನ್ನೂ ಬೀಳಿಸಿದ್ರು. ಟೆಸ್ಟಾಗಿರೋ ಲ್ಯಾಂಪು, ಏನಾಗ್ಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಮಂಡಿಯೂರಿ ಹುಡುಕಿದೆ, ಮೂರ್ನಾಲ್ಕು ಅಜ್ಜಂದಿರೂ ಜೊತೆಗೆ ಮಂಡಿಯೂರಿದ್ರು, ಆಮೇಲೆ ಅವರನ್ನ ಎಬ್ಬಿಸೋಕೆ ಹತ್ತು ನಿಮಿಷ ಹಿಡೀತು. 37 ಸಿಕ್ವು.

ಭಾನುವಾರ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ಸು. ಅದು ಮಾತ್ರ ಸರಿಯಾದ ಟೈಮಿಗೆ ಬಂತು.

ರಾತ್ರಿ ಹೆಂಡತಿ ಲೆಕ್ಕದ ಪುಸ್ತಕ ತೆಗೆದ್ಲು. "ರೀ, ವ್ಯಾಪಾರ 412. ಮಾಲಿಗೆ 190, ಟೇಬಲ್ಲಿಗೆ 140, ಟ್ರೈನಿಗೆ ಎರಡು ದಿನಕ್ಕೆ 52, ನಿಮ್ಮ ಟೀ ಸ್ಯಾಂಡ್‌ವಿಚ್ಚು 27, ಕಾರ್ಡ್ ಮಷೀನಿಗೆ 6. ಎರಡು ದಿನ ಸತ್ತು ಸುಣ್ಣ ಆಗಿ 3 ಪೌಂಡ್ ನಷ್ಟ."

ತಡಿ ಮಾರಾಯ್ತಿ ಅಂದೆ. ಟ್ರೈನ್ ಲೇಟಾದ್ರೆ ಇಲ್ಲಿ ದುಡ್ಡು ವಾಪಸ್ ಕೊಡ್ತಾರೆ, ಡಿಲೇ ರಿಪೇ ಅಂತ, ಒಂದು ಗಂಟೆ ಲೇಟಿಗೆ ರಿಟರ್ನ್ ಟಿಕೆಟ್ಟಿನ ಅರ್ಧ. ಶನಿವಾರದ 26ರಲ್ಲಿ 13 ಬರುತ್ತೆ. ನಷ್ಟ ಕಳೆದು 10 ಪೌಂಡ್ ಲಾಭ.

ಅವಳು ಕಾಲಂ ಹಾಕಿದ್ಲು: "ಯಾವ ಬಾಬ್ತು ಬರೀಲಿ?"

"ಎಲೆ ಬಾಬ್ತು ಅಂತ ಬರಿ."