ಆರಡಿ ಓಣಿ ಸಾಕು ಮಾರಾಯ್ರೇ

ಬೆಳಗ್ಗೆಯಿಂದ ಇದು ಮೂರನೇ ಗ್ರೂಪು, ಅದೇ ವಿಡಿಯೊ. ಚೀನಾದ ಟೊಂಗ್‌ಚೆಂಗ್ ಊರಿನ ಜಾಂಗ್ ಯಿಂಗ್ ಛಿಂಗ್ ರಾಜವಂಶದ ಕಾಲಕ್ಕೆ ಬೀಜಿಂಗಿನಲ್ಲಿ ದೊಡ್ಡ ಮಂತ್ರಿ. ಊರಲ್ಲಿ ನೆರೆಯ ವು ಮನೆತನದ ಜೊತೆ ಗೋಡೆ ತಕರಾರು. ಪತ್ರ ಬಂದಾಗ ನಾಲ್ಕು ಸಾಲಿನ ಪದ್ಯ ಬರೆದು ‘ಬಿಟ್ಟುಕೊಡಿ’ ಅಂದನಂತೆ. ಇವರು ಮೂರಡಿ, ಅವರು ಮೂರಡಿ ಬಿಟ್ಟು ಆರಡಿ ಓಣಿ ಆಯಿತಂತೆ. ಕೆಳಗೆ ಸಾಲು ಸಾಲು ಕೈಮುಗಿದ ಎಮೋಜಿ.

ಓಣಿ ಇದೆ, ಸುಮಾರು ನೂರು ಮೀಟರ್ ಉದ್ದ, ಚೆನ್ನಾಗಿಯೂ ಇದೆ. ಆದರೆ ಅನ್ಹುಯಿ ಪ್ರಾಂತ್ಯದ ಇದೇ ಪುಟ್ಟ ತಾಲ್ಲೂಕು ಛಿಂಗ್ ಕಾಲದ ಗದ್ಯಕ್ಕೇ ಮೇಷ್ಟ್ರಾಗಿತ್ತು ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಇವರಿಗೆಲ್ಲ ಕನ್‌ಫ್ಯೂಶಿಯನ್ ಪಂಡಿತ ಅಂದರೆ ಬಿಳಿ ಗಡ್ಡ, ಒಂದು ನೀತಿ, ಮುಗೀತು!

ಈ ಊರಿನ ಮೂವರು ಗದ್ಯಗುರುಗಳಲ್ಲಿ ಮೊದಲಿನವ ಫಾಂಗ್ ಬಾವ್ (1668–1749) ಹೇಳಿಕೊಟ್ಟದ್ದು ನೀತಿಗಿಂತ ಹೆಚ್ಚಾಗಿ ಕಳೆ ಕೀಳುವ ಕೆಲಸ. ಒಳ್ಳೆಯ ಗದ್ಯದೊಳಗೆ ಬರಕೂಡದ ಮಾತು ಐದು ಬಗೆ: ತತ್ತ್ವಗುರುಗಳ ಸಂಭಾಷಣೆಯ ಆಡುಮಾತು, ಜೋಡಿಸಾಲಿನ ಹಳೇ ಗದ್ಯದ ಬಣ್ಣದ ಪದ, ಪ್ರಾಚೀನ ಹಾನ್ ರಾಜವಂಶದ ಕಾಲದ ವರ್ಣನಾಕಾವ್ಯದ ಭಾರೀ ಪದಗಳು, ಪದ್ಯದ ಚೆಲುವು, ಆಮೇಲಿನ ಇತಿಹಾಸಗಳ ಚುರುಕು ಚಮತ್ಕಾರ. ಲಿಯು ದಾಕುಯ್ (1698–1779) ಇನ್ನೂ ನೆಲಕ್ಕೆ ಹತ್ತಿರ: ಬರಹದ ಜೀವ ಕೈಗೆ ಸಿಗಲ್ಲ, ನಾದದಲ್ಲಿ ಹುಡುಕು, ನಾದ ಸಿಗದಿದ್ದರೆ ಪದದಲ್ಲಿ ಹುಡುಕು. ಹಾಗಾಗಿ ಗಟ್ಟಿಯಾಗಿ ಓದಬೇಕು. ಒಂದಕ್ಷರ ಹೆಚ್ಚಾದರೂ ಕಡಿಮೆಯಾದರೂ ಲಯ ಬದಲಾಗುತ್ತೆ. ಯಾವ್ ನಾಯ್ (1731–1815) ಸುಮಾರು 700 ಬರಹ ಆರಿಸಿ 13 ಬಗೆಯಾಗಿ ಜೋಡಿಸಿಟ್ಟ: ವಾದ, ಅರ್ಜಿ, ಬೀಳ್ಕೊಡುಗೆ, ಸಮಾಧಿಲೇಖ... ಪ್ರತಿಯೊಂದಕ್ಕೂ ಮಾದರಿ.

‘1917ರಲ್ಲೇ ಆಡುಮಾತಿನ ಬರಹದ ಪರ ನಿಂತ ಪಂಡಿತ ಛಿಯಾನ್ ಶುವಾನ್‌ಟೊಂಗ್ ಇವರನ್ನ ಟೊಂಗ್‌ಚೆಂಗಿನ ಕೆಟ್ಟ ತಳಿ ಅಂತ ಬೈದಿದ್ದಾನಲ್ಲ’ ಅಂತ ಯಾರಾದರೂ ಬರ್ತೀರಿ, ಗೊತ್ತು. ಬೈಗುಳದಲ್ಲಿ ನಿಜವೂ ಇದೆ. ಶಿಷ್ಯರ ಶಿಷ್ಯರು ಅಚ್ಚಿನಲ್ಲಿ ಹುಯ್ದ ಸಮಾಧಿಲೇಖ ಓದಿದರೆ ನನಗೂ ಆಕಳಿಕೆ. ಆದರೆ ಅಚ್ಚು ಸವೆದದ್ದಕ್ಕೆ ಅಚ್ಚು ಕಡೆದವನನ್ನ ಬೈತಾರಾ?

ಅದೇ ಊರಿನ ದಾಯ್ ಮಿಂಗ್‌ಶಿ ತನ್ನ ಪುಸ್ತಕದಲ್ಲಿ ಅಳಿದ ಮಿಂಗ್ ವಂಶದ ವರ್ಷಗಣನೆ ಬಳಸಿದ. ಆಳುತ್ತಿದ್ದ ಛಿಂಗ್ ದೊರೆಗಳಿಗೆ ಅದು ರಾಜದ್ರೋಹ. 1713ರಲ್ಲಿ ತಲೆ ಹೋಯಿತು. ಮುನ್ನುಡಿಯಲ್ಲಿ ಹೆಸರಿದ್ದ ಫಾಂಗ್ ಬಾವ್ 1711ರಲ್ಲೇ ಜೈಲು ಸೇರಿದ್ದ. ಅಲ್ಲಿ ಕಂಡದ್ದನ್ನು ಅವನು ಬರೆದ ರೀತಿ ನೋಡಿ. ದಿನಕ್ಕೆ ಮೂರು-ನಾಲ್ಕು ಹೆಣ ಗೋಡೆಯ ಕಿಂಡಿಯಿಂದ ಹೊರಗೆ. ಒಂದೊಂದು ಹಳೇ ಜೈಲಿಗೆ ಐದು ಕೋಣೆ. ಕಿಟಕಿ ಇರೋದು ಕಾವಲುಗಾರರಿರುವ ನಡುವಿನದಕ್ಕೆ ಮಾತ್ರ. ಉಳಿದ ನಾಲ್ಕರಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಸಂಜೆ ಬೀಗ ಬಿದ್ದರೆ ಮಲಮೂತ್ರ ಅಲ್ಲೇ. ಒಂದು ‘ಅಯ್ಯೋ’ ಇಲ್ಲ, ಉಪಮೆ ಇಲ್ಲ. ಕೀಳಬೇಕಾದ ಕಳೆ ಎಲ್ಲ ಕಿತ್ತಿದ್ದಾನೆ.

ಅವನ ಜೊತೆಗೆ ಸಿಕ್ಕಿಬಿದ್ದ ಮೂವರಿಗೆ ಒಂದೇ ಚಿತ್ರಹಿಂಸೆ. ಹಿಂಸೆ ಕೊಡುವವರಿಗೆ ಲಂಚವಾಗಿ 30 ತೇಲ್ (ಚೀನಾದ ತೂಕ) ಬೆಳ್ಳಿ ಕೊಟ್ಟವನಿಗೆ ಮೂಳೆಗೆ ಪೆಟ್ಟು, ತಿಂಗಳ ಮೇಲೆ ಹಾಸಿಗೆ. ಎರಡರಷ್ಟು ಕೊಟ್ಟವನಿಗೆ ಚರ್ಮಕ್ಕೆ ಗಾಯ, ಇಪ್ಪತ್ತು ದಿನ. ಆರರಷ್ಟು ಕೊಟ್ಟವನು ಅವತ್ತು ರಾತ್ರಿಯೇ ಎಂದಿನಂತೆ ಓಡಾಡಿದ. ಎಲ್ಲರೂ ಕೊಟ್ಟಿದ್ದಾರಲ್ಲ, ಇಷ್ಟು ತಾರತಮ್ಯ ಯಾಕಪ್ಪಾ ಅಂತ ಒಬ್ಬರು ಕೇಳಿದ್ದಕ್ಕೆ ಬಂದ ಉತ್ತರ:

‘ವ್ಯತ್ಯಾಸ ಇಲ್ಲದಿದ್ದರೆ ಜಾಸ್ತಿ ಕೊಡೋರು ಯಾರು?’