ಸಾಲಿಡ್‌ವರ್ಕ್ಸ್ ಹಳೇ ವರ್ಷನ್ ಮೆಸೇಜ್ ಬಗ್ಗೆ ಸ್ಪಷ್ಟನೆ

3ಡಿ ಡಿಸೈನ್ ಮಾಡೋ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನ 2024 ವರ್ಷನ್‌ನಲ್ಲಿ ಮಾಡಿದ ಫೈಲನ್ನ ಯಾವ ಹಳೇ ವರ್ಷನ್‌ನಲ್ಲಾದ್ರೂ ನೇರವಾಗಿ ಓಪನ್ ಮಾಡಿ ಎಡಿಟ್ ಮಾಡ್ಬಹುದು ಅಂತ ಒಂದು ಮೆಸೇಜ್ ಓಡಾಡ್ತಿದೆ, ಅದು ತಪ್ಪು. 2024ರಲ್ಲಿ ಬಂದಿರೋದು ಹಿಂದಿನ ವರ್ಷನ್‌ಗೆ ಸೇವ್ ಮಾಡೋ ಸೌಲಭ್ಯ, ಅದೂ ಎರಡು ವರ್ಷನ್ ಹಿಂದಕ್ಕೆ ಮಾತ್ರ, ಅಂದ್ರೆ 2023 ಮತ್ತು 2022, ಕಂಪನಿಯ ವಾಟ್ಸ್ ನ್ಯೂ (ಹೊಸ ಸೌಲಭ್ಯಗಳ) ಪಟ್ಟೀಲೇ ಇದೆ ನೋಡಿ. ಫೈಲ್ ಕಳಿಸೋರೇ ಸೇವ್ ಆಸ್‌ಗೆ ಹೋಗಿ ವರ್ಷನ್ ಆರಿಸಿ ಕೊಡ್ಬೇಕು. 2021 ಅಥವಾ ಇನ್ನೂ ಹಳೇದು ಇಟ್ಕೊಂಡಿರೋರಿಗೆ ಸ್ಟೆಪ್ (STEP, ಬೇರೆ ಬೇರೆ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಓಪನ್ ಆಗೋ ಫೈಲ್) ಥರದ ಫೈಲೇ ಗತಿ, ಅದ್ರಲ್ಲಿ ಆಕಾರ ಏನೋ ಬರುತ್ತೆ ಆದ್ರೆ ಟ್ರೀನಲ್ಲಿ, ಅಂದ್ರೆ ಮಾಡೆಲ್ ಮಾಡಿದ ಹಂತಗಳ ಪಟ್ಟೀಲಿ, ನಿಮ್ಮ ಸ್ಕೆಚ್, ಎಕ್ಸ್‌ಟ್ರೂಡ್, ಫಿಲೆಟ್ ಥರದ ಹಂತ ಯಾವ್ದೂ ಇರಲ್ಲ, ಬರೀ ಇಂಪೋರ್ಟೆಡ್ ಅಂತ ಕಾಣುತ್ತೆ. ಓಡಾಡ್ತಿರೋ ಮೆಸೇಜ್ ನಂಬ್ಕೊಂಡು ಕೊನೇ ಗಳಿಗೇಲಿ ಫೈಲ್ ಕಳಿಸಿದ್ರೆ ಆ ಕಡೆಯೋರ ಕೆಲಸ ನಿಂತೋಗುತ್ತೆ, ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ.